ನಮ್ಮ ಸೀಮೆಯ ಸೂಜಿ-ದಾರದ ಸೇವೆ



ಈ ಸಲದ ಸ್ಮರಣ ಸಂಚಿಕೆಗೆ ನನ್ನದೂ ಒಂದು ಲೇಖನ ಇರಲೆಂದು ಜಾತ್ರಾ ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆ. ನಾನು ಪಂಡಿತನಲ್ಲ. ಹತ್ತನೆಯ ಇಯತ್ತೆ ಮುಗಿಸಿ ತಂದೆಯವರ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು. ಸೂಜಿ, ದಾರ, ಗುಂಡಿ, ಲೇಸು, ಅಸ್ತರದ ಬಟ್ಟೆ ಮಾರುವುದು ನಮ್ಮ ಮನೆತನದ ವ್ಯಾಪಾರ. ದೇವಸ್ಥಾನದ ಜೀರ್ಣೋದ್ಧಾರ, ತೇರಿನ ಕಥೆ, ಮಠದ ಪರಂಪರೆ ಇವನ್ನೆಲ್ಲ ತಿಳಿದವರು ಹಿಂದಿನ ಸಂಚಿಕೆಗಳಲ್ಲಿ ಬರೆದಿದ್ದಾರೆ. ಅದರ ಮೇಲೆ ನಾನು ಬರೆಯುವುದೇನೂ ಉಳಿದಿಲ್ಲ. ಆದರೆ ನಮ್ಮ ಅಂಗಡಿಯ ಕಟ್ಟೆಯಿಂದ ಹೋದ ದಾರ ದೇವಸ್ಥಾನದ ಪಡಸಾಲೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿಯವರೆಗೆ ಯಾರೂ ಬರೆದಿಲ್ಲ. ಅದನ್ನು ಬರೆಯುತ್ತೇನೆ.

ಬೇಸಿಗೆಯ ಮಧ್ಯಾಹ್ನ ದಾಸೋಹದ ಪಡಸಾಲೆಯಲ್ಲಿ ಹತ್ತಾರು ತಾಯಂದಿರು ಸುತ್ತುಗಟ್ಟಿ ಕುಳಿತು ಕೌದಿ ಹೊಲಿಯುವುದನ್ನು ತಾವೆಲ್ಲ ಕಂಡಿದ್ದೀರಿ. ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಮೇಲೆ ಅವರು ಕೂಡುತ್ತಾರೆ, ರೋಹಿಣಿ ಮಳೆ ಬೀಳುವ ಹೊತ್ತಿಗೆ ಏಳುತ್ತಾರೆ. ಹೊಲಿದದ್ದು ಅವರ ಮನೆಗೆ ಹೋಗುವುದಿಲ್ಲ. ಸಣ್ಣ ಕೌದಿ, ಕುಲಾವಿ, ಕುಂಚಿಗೆಗಳು ಬಡ ಬಾಣಂತಿಯರಿಗೆ ಹೋಗುತ್ತವೆ. ದೊಡ್ಡವು ದೀಪಾವಳಿ ಮುಂಚೆ ಹೊರಗಿನಿಂದ ನಮ್ಮ ಸೀಮೆಗೆ ಬರುವ ಕಬ್ಬು ಕಡಿಯುವವರ ಜೋಪಡಿಗಳಿಗೆ ಹೋಗುತ್ತವೆ. ಸೋಲಾಪುರ ಜಿಲ್ಲೆಯಲ್ಲಿ ಸಕ್ಕರೆ ಕಾರಖಾನೆಗಳಿಗೆ ಕಡಿಮೆ ಇಲ್ಲ. ಚಳಿಗಾಲದ ಮೂರು ತಿಂಗಳು ಆ ಜನರ ಕೂಸುಗಳು ಬಯಲಿನಲ್ಲಿಯೇ ಮಲಗುವುದು. ಈ ತಾಯಂದಿರ ಕೂಟಕ್ಕೆ ಸಂಘವೆಂಬ ಹೆಸರಿಲ್ಲ, ನೋಂದಣಿಯಿಲ್ಲ, ಅಧ್ಯಕ್ಷರಿಲ್ಲ, ಬೋರ್ಡೂ ಇಲ್ಲ.

ಇದು ಯಾವಾಗ ಶುರುವಾಯಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಸರಿ, ದೇವಸ್ಥಾನದ ಜಮಾ-ಖರ್ಚಿನ ಹಳೆಯ ವಹಿಗಳನ್ನು ತೆಗೆದು ನೋಡಿದೆ. ಜಮೆಯ ಬದಿಗೆ ಹಳೆಯ ಸೀರೆ, ಧೋತರ ಕೊಟ್ಟ ಯಜಮಾನರ ಹೆಸರುಗಳಿವೆ. ಖರ್ಚಿನ ಬದಿಗೆ ದಾರ, ಸೂಜಿ ಎಂದು ಬರೆದು ನಮ್ಮ ಅಂಗಡಿಯ ಹೆಸರಿದೆ. ಬಾಡಿಗೆ ಟೆಂಪೋದವನ ಹೆಸರು ಕೂಡ ಇದೆ. ಹೊಲಿದವರ ಹೆಸರು ಒಂದು ಕಡೆಗೂ ಇಲ್ಲ. ಹೀಗೆ ಬರೆದವರು ಯಾರೆಂದು ಬೇರೆಯವರನ್ನು ದೂರುವಂತಿಲ್ಲ. ವಿಶ್ವಸ್ತನಾದ ಮೇಲೆ ಆ ವಹಿ ಬರೆದ ಕೈ ನನ್ನದೇ.

ಈಗ ಕೌದಿಯ ವಿಷಯ. ನಾವು ಕೌದಿ ಎನ್ನುವುದನ್ನು ನಮ್ಮ ಮರಾಠಿ ಬಂಧುಗಳು ಗೋಧಡಿ ಎನ್ನುತ್ತಾರೆ, ಕೊಲ್ಲಾಪುರ-ಸಾಂಗಲಿ ಕಡೆಗೆ ವಾಕಳ ಎಂಬ ಮಾತೂ ಇದೆ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಕಾಡಿನ ಸಿದ್ದಿ ಜನಾಂಗದವರು ಕವಂದಿ ಎನ್ನುತ್ತಾರೆ. ಅವರ ಕವಂದಿಯ ಮೂಲೆಗಳಿಗೆ ಹೂವಿನಂಥ ತೇಪೆ ಹಚ್ಚದಿದ್ದರೆ ಅದು ಪೂರ್ತಿಯಾಗಲಿಲ್ಲವೆಂದೇ ಲೆಕ್ಕ. ಹೆಸರು ಏನೇ ಇರಲಿ, ಕೆಲಸ ಒಂದೇ. ಉಟ್ಟು ಉಟ್ಟು ಸವೆದ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ, ಎಲ್ಲ ಪದರ ಹಿಡಿಯುವಂತೆ ಸಣ್ಣ ಎಳೆಯ ಹೊಲಿಗೆ ಹಾಕುವುದು. ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕು ಬದಿಗೆ ನಾಲ್ವರು ಕುಳಿತರೆ ನಾಲ್ವರ ಹೊಲಿಗೆಯೂ ಕೊನೆಗೆ ನಡುವಿನಲ್ಲಿ ಕೂಡಬೇಕು. ಒಬ್ಬಳ ಕೈ ಬಿಗಿ, ಇನ್ನೊಬ್ಬಳ ಕೈ ಸಡಿಲಾದರೆ ಬಟ್ಟೆ ಮುದುಡುತ್ತದೆ. ನಮ್ಮ ಆಯಿ ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಏಕೆಂದು ಕೇಳಿದರೆ, "ಅದರ ಹೊಟ್ಟಿ ತುಂಬಿದ್ರ ಹೊದ್ದವ್ರ ಹೊಟ್ಟಿನೂ ತುಂಬತದೋ ಯಪ್ಪಾ" ಎನ್ನುವಳು.

ಧಾರವಾಡ ಸೀಮೆಯ ಕಸೂತಿಯ ಬಗೆಗೆ ಪುಸ್ತಕಗಳಿವೆ. ಗವಂತಿ, ಮುರಗಿ, ನೇಯ್ಗಿ, ಮೆಂಥೆ ಎಂಬ ಅದರ ಹೊಲಿಗೆಗಳ ಹೆಸರುಗಳನ್ನು ದೂರದವರೂ ಬಲ್ಲರು. ಗೋಪುರ, ತೇರು, ತುಳಸಿಕಟ್ಟೆ, ನಂದಿ ಎಲ್ಲ ಇಳಕಲ್ ಸೀರೆಯ ಮೇಲೆ ಕಸೂತಿಯಾಗಿ ಮೂಡಿವೆ. ಸರಕಾರದಿಂದ ಭೌಗೋಳಿಕ ಗುರುತಿನ ಮನ್ನಣೆಯೂ ಕಸೂತಿಗೆ ಸಿಕ್ಕಿದೆ. ಸಿಗಬೇಕಾದದ್ದೇ. ಸೋಲಾಪುರದ ಚಾದರಕ್ಕೂ ಆ ಮನ್ನಣೆ ಇದೆ. ಕೌದಿಯನ್ನು ಮಾತ್ರ ಯಾರೂ ಕಲೆಯೆಂದು ಬಹಳ ದಿನ ಎಣಿಸಲಿಲ್ಲ. ಹರಕು ಬಟ್ಟೆ, ಬಡವರ ಹಾಸಿಗೆ ಎಂದು ಬೀಗರು ಬಂದಾಗ ಅಟ್ಟಕ್ಕೇರಿಸಿದ ಮನೆಗಳನ್ನು ನಾನು ಬಲ್ಲೆ.

ಆದರೆ ನಮ್ಮ ಶರಣರು ಹಾಗೆ ಎಣಿಸಲಿಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರೊಬ್ಬರು ಇದ್ದರು. ಹೆಸರೇ ಹೇಳುವಂತೆ ಸೂಜಿಯ ಕೆಲಸವೇ ಅವರ ಕಾಯಕ. ಅದೇ ಕಾಲದ ಬೊಂತಾದೇವಿ ಕಾಶ್ಮೀರದ ಅರಸುಮನೆತನದ ಹೆಣ್ಣುಮಗಳೆಂದೂ, ಎಲ್ಲ ತೊರೆದು ಕಲ್ಯಾಣಕ್ಕೆ ಬಂದಳೆಂದೂ ಪುರಾಣಗಳು ಹೇಳುತ್ತವೆ. ಬೊಂತೆ ಎಂದರೆ ತೇಪೆ ಹಚ್ಚಿದ ಹೊದಿಕೆ, ಅಂದರೆ ನಮ್ಮ ಕೌದಿಯೇ. ಅದನ್ನು ಹೊದ್ದದ್ದರಿಂದ ಆ ತಾಯಿಗೆ ಆ ಹೆಸರು ಬಂತು. ಅರಮನೆಯ ಪೀತಾಂಬರದ ಹೆಸರಿನಿಂದ ಆಕೆಯನ್ನು ಯಾರೂ ನೆನೆಯುವುದಿಲ್ಲ. ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದಾಗ ದುಡಿದವರೂ ಹೀಗೆಯೇ ಹೆಸರಿಲ್ಲದ ಭಕ್ತರು. ಸೋಲಾಪುರದ ಆ ಕೆರೆಯ ನಡುವೆ ಇರುವ ಗುಡಿಗೆ ಸಂಕ್ರಾಂತಿಗೆ ನಂದಿಧ್ವಜಗಳ ಸಂಗಡ ಹೋದವರೆಲ್ಲ ನೀರು ನೋಡಿರುತ್ತೀರಿ. ಮಣ್ಣು ಹೊತ್ತವರ ಪಟ್ಟಿ ಎಲ್ಲಿಯೂ ಇಲ್ಲ.

ಇನ್ನು ನಮ್ಮ ಹತ್ತಿರದ ಕಾಲಕ್ಕೆ ಬರೋಣ. ಪಂಢರಪುರದಲ್ಲಿ ಬಡ ಯಾತ್ರಿಕರಿಗಾಗಿ ಧರ್ಮಶಾಲೆ ಕಟ್ಟಿಸಿದ ಗಾಡಗೆ ಬಾಬಾ (1876-1956) ಅವರು ತೇಪೆಯ ಬಟ್ಟೆಯನ್ನೇ ಹೊದ್ದು ಊರೂರು ಗುಡಿಸುತ್ತ ಹೋದವರು. ಜನ ಅವರನ್ನು ಗೋಧಡೆ ಮಹಾರಾಜ ಎಂದೂ ಕರೆಯುತ್ತಿದ್ದರು. ಆಗ ಸೋಲಾಪುರ ಗಿರಣಿಯ ಪಟ್ಟಣ. 1877ರಲ್ಲಿ ಸ್ಥಾಪನೆಯಾದ ಹಳೇ ಗಿರಣಿಯಿಂದ ಹಿಡಿದು ಒಂದರ ಹಿಂದೊಂದು ಗಿರಣಿಗಳು ಎದ್ದವು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಗಂಡಸರು ಅಲ್ಲಿ ಪಾಳಿಯ ಕೆಲಸಕ್ಕೆ ಹೋದರು. ಆ ಗಿರಣಿಗಳ ಭೋಂಗಾ ಈಗ ಕೇಳುವುದಿಲ್ಲ.

ಹೆಣ್ಣುಮಕ್ಕಳ ಹೊಲಿಗೆಯನ್ನು ಮನೆಯಾಚೆಯ ಸೇವೆಗೆ ತಂದ ಮಹನೀಯರಲ್ಲಿ ಪುಣೆಯ ರಮಾಬಾಯಿ ರಾನಡೆಯವರನ್ನು ಮೊದಲು ನೆನೆಯಬೇಕು. ಗೋಪಾಳ ಕೃಷ್ಣ ದೇವಧರರ ಸಹಕಾರದೊಂದಿಗೆ 1909ರಲ್ಲಿ ಅವರು ಪುಣೆಯಲ್ಲಿ ಸೇವಾಸದನ ತೆರೆದರು. ವಿಧವೆಯರಿಗೂ ಬಡ ಹೆಣ್ಣುಮಕ್ಕಳಿಗೂ ಅಕ್ಷರದ ಸಂಗಡ ಹೊಲಿಗೆ, ದಾದಿಯ ಕೆಲಸ ಕಲಿಸಿ ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡಿದರು. 1924ರಲ್ಲಿ ಅವರು ತೀರಿಕೊಂಡರೂ ಸಂಸ್ಥೆ ನಿಲ್ಲಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮುಂಬಯಿ ಇಲಾಖೆಯಲ್ಲಿ ಗವರ್ನರ್ ವಿಲಿಂಗ್ಡನ್ ಸಾಹೇಬರ ಪತ್ನಿಯ ಮುಂದಾಳುತನದಲ್ಲಿ ಸ್ತ್ರೀಯರು ಸೈನಿಕರಿಗಾಗಿ ಅಂಗಿ, ಕಾಲುಚೀಲ, ದವಾಖಾನೆಯ ಬಟ್ಟೆಗಳನ್ನು ಹೊಲಿದು ಕೊಟ್ಟರು. ಅದು ದೊಡ್ಡ ಮನೆತನದವರ ಕೆಲಸವಾಗಿತ್ತು, ಅರಸರ ಕಡೆಯದೂ ಆಗಿತ್ತು. ಮುಂದೆ ಗಾಂಧೀಜಿಯವರು ಅದೇ ದಾರವನ್ನು ಬಡವರ ಕೈಗೆ ಕೊಟ್ಟರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸದಸ್ಯರಾಗುವವರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂತು. ವರ್ಗಣಿಯೆಂದರೆ ರೊಕ್ಕ ಎಂದೇ ತಿಳಿದ ನಮ್ಮಂಥ ವ್ಯಾಪಾರಿಗಳಿಗೆ ಇದು ಯೋಚಿಸುವ ಮಾತು. ಆ ನಿಯಮ ಬಹಳ ಕಾಲ ಪೂರ್ತಿಯಾಗಿ ನಡೆಯಲಿಲ್ಲವೆನ್ನುವುದು ಬೇರೆ.

ನಮ್ಮ ಅಂಗಡಿಗೂ ಈ ಇತಿಹಾಸಕ್ಕೂ ಗಂಟು ಬಿದ್ದದ್ದು 1962ರಲ್ಲಿ. ಆಗ ನಾನು ಹುಟ್ಟಿರಲಿಲ್ಲ, ತಂದೆಯವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ಚೀನಾ ದೇಶ ದಂಡೆತ್ತಿ ಬಂದಾಗ ಹಿಮದಲ್ಲಿ ಕಾದುತ್ತಿದ್ದ ನಮ್ಮ ಜವಾನರಿಗೆ ಚಳಿಗೆ ತಕ್ಕ ಬಟ್ಟೆ ಸಾಲದಾಗಿತ್ತು. ದೇಶದ ತುಂಬೆಲ್ಲ ಹೆಣ್ಣುಮಕ್ಕಳು ರಕ್ಷಣಾ ನಿಧಿಗೆ ಕೈಬಳೆ ಬಿಚ್ಚಿ ಕೊಟ್ಟರು, ಶಾಲೆಗಳಲ್ಲಿ, ಮನೆಗಳಲ್ಲಿ ಕುಳಿತು ಸ್ವೆಟರ್ ಹೆಣೆದರು. ನಮ್ಮ ಸೀಮೆಯಲ್ಲಿ ಉಲ್ಲನ್ನಿಗೆ ಎಂದೂ ಗಿರಾಕಿ ಇಲ್ಲ. ಆ ಒಂದು ಚಳಿಗಾಲದಲ್ಲಿ ತಂದೆಯವರು ಸೋಲಾಪುರದ ಪೇಟೆಯಿಂದ ಉಲ್ಲನ್ ತಂದು ತಂದ ಬೆಲೆಗೇ ಕೊಟ್ಟರಂತೆ. ಹೆಣಿಕೆಯ ಕಡ್ಡಿ ಸಿಗದೆ ಸೈಕಲ್ಲಿನ ಕಡ್ಡಿಯನ್ನು ಉಜ್ಜಿ ನಯ ಮಾಡಿ ಹೆಣೆದವರೂ ಇದ್ದರಂತೆ. ಕೌದಿ ಮಾತ್ರ ಬಲ್ಲ ಕೈಗಳು ಅವು, ಮೊದಲ ಸ್ವೆಟರಿನ ಎರಡು ತೋಳು ಒಂದೇ ಅಳತೆ ಬರಲಿಲ್ಲವೆಂದು ತಂದೆಯವರು ನಗುತ್ತಿದ್ದರು.

1972ರ ಬರವನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಖಡಿ ಒಡೆಯುವ ಕೆಲಸ, ಕೆಂಪು ಮೈಲೋ ಜೋಳ, ಸುಖಡಿ ಎಂದರೆ ಅವರಿಗೆ ಬೇರೆ ಹೇಳುವುದು ಬೇಡ. ಆ ವರ್ಷ ಉಡಲಿಕ್ಕೇ ಬಟ್ಟೆ ಇರಲಿಲ್ಲ, ಕೌದಿಗೆ ಎಲ್ಲಿಂದ ಬರಬೇಕು. ಇದ್ದ ಕೌದಿಗಳನ್ನೇ ಬಿಚ್ಚಿ ಎರಡು ಮಾಡಿದರೆಂದು ಹಿರಿಯರು ಹೇಳುತ್ತಾರೆ.

ನಾನು ಕಣ್ಣಾರೆ ಕಂಡದ್ದು 1993ರದು. ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. 30ರ ನಸುಕಿನಲ್ಲಿ ನಾಲ್ಕು ಹೊಡೆಯಲು ಇನ್ನೂ ಕೆಲವು ನಿಮಿಷವಿರುವಾಗ ಭೂಮಿ ನಡುಗಿತು. ನಮ್ಮಲ್ಲಿ ಪಾತ್ರೆಗಳು ಮಾತ್ರ ಬಿದ್ದವು. ಲಾತೂರು ಜಿಲ್ಲೆಯ ಕಿಲ್ಲಾರಿ, ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಉಮರ್ಗಾ ಭಾಗದ ಹಳ್ಳಿಗಳು ಮಣ್ಣಾದವು. ಸುಮಾರು ಹತ್ತು ಸಾವಿರ ಜನ ಒಂದೇ ನಸುಕಿನಲ್ಲಿ ಹೋದರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಸೀಮೆಯ ಮನೆಗಳೂ ಅಂಥವೇ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಗೋಡೆ ಮಲಗಿದವರ ಮೇಲೆ ಬಿದ್ದಿತು. ಮರುದಿನಗಳಲ್ಲಿ ಮಳೆ ಬೇರೆ.

ಆ ವಾರ ನಮ್ಮ ಪಡಸಾಲೆಯಲ್ಲಿ ದೀಪ ಆರಲಿಲ್ಲ. ನವರಾತ್ರಿಯ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಒಗೆಯುವುದು ನಮ್ಮಲ್ಲಿ ವಾಡಿಕೆಯಷ್ಟೆ. ಒಗೆದು ಒಣಗಿಸಿದ ಕೌದಿಗಳನ್ನು ಎಷ್ಟೋ ಮನೆಯವರು ಹಾಗೆಯೇ ತಂದು ಗುಡಿಯ ಮುಂದೆ ಇಟ್ಟರು. ಹರಿದವನ್ನು ತಾಯಂದಿರು ರಾತ್ರಿಯೆಲ್ಲ ಕುಳಿತು ತೇಪೆ ಹಚ್ಚಿದರು, ಹೊಸವನ್ನೂ ಹೊಲಿದರು. ಒಂದು ಟೆಂಪೋ ತುಂಬಿತು. ನಳದುರ್ಗ, ಉಮರ್ಗಾ ದಾರಿಯಿಂದ ಹೋದೆವು. ನಾನು ಆಗ ಹರೆಯದವನು, ದಾರದ ಗಂಟು ಹೊತ್ತು ಹೋಗಿದ್ದೆ, ಅಲ್ಲಿ ಯಾರಿಗಾದರೂ ಬೇಕಾದೀತೆಂದು. ದೇಶದ ಮೂಲೆಮೂಲೆಯಿಂದ ಬಂದ ಹಳೆಯ ಬಟ್ಟೆಯ ರಾಶಿ ರಸ್ತೆಯ ಬದಿಗೆ ತೊಯ್ಯುತ್ತ ಬಿದ್ದಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆ ಜನ ನಮ್ಮ ನಿಮ್ಮಂತೆ ಹೊಲ-ಮನೆ ಇದ್ದವರು, ನಿನ್ನೆಯವರೆಗೆ ದಾಸೋಹ ಮಾಡಿದವರು.

ಒಂದು ತಗಡಿನ ಶೆಡ್ಡಿನ ಮುಂದೆ ವಯಸ್ಸಾದ ತಾಯಿಯೊಬ್ಬಳ ಕೈಗೆ ಕೌದಿ ಕೊಟ್ಟೆ. ಆಕೆ ಅದನ್ನು ಹೊದೆಯಲಿಲ್ಲ. ಮಡಿಕೆ ಬಿಚ್ಚಿ ಹಿಂದೆ ತಿರುವಿ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. ಆಕೆಯ ಮನೆಯ ಕೌದಿಗಳೆಲ್ಲ ಗೋಡೆಯ ಕೆಳಗಿದ್ದವು. ಆಮೇಲೆ ಕನ್ನಡದಲ್ಲಿಯೇ ಕೇಳಿದಳು: "ಇದನ್ನ ಹೊಲದಾಕಿ ಯಾರಪ್ಪಾ?"

ನಾನು ನಮ್ಮ ಊರಿನ ಹೆಸರು ಹೇಳಿದೆ, ದೇವಸ್ಥಾನದ ಹೆಸರು ಹೇಳಿದೆ. "ಊರಲ್ಲೋ ಯಪ್ಪಾ, ಆಕಿ ಹೆಸರು" ಎಂದಳು. ನನಗೆ ಗೊತ್ತಿರಲಿಲ್ಲ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲವೆನ್ನುವುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಸುಮಾರು ಹತ್ತು ವರ್ಷದ ಹಿಂದೆ, ನಾನು ವಿಶ್ವಸ್ತನಾದ ಮೇಲೆ, ಕಬ್ಬಿನ ಹಂಗಾಮಿಗೆ ಕೌದಿ ಸಾಲುವುದಿಲ್ಲವೆಂದು ನಾನೇ ಒಂದು ಲೆಕ್ಕ ಹಾಕಿದೆ. ಒಂದು ಕೌದಿಗೆ ಇಷ್ಟು ದಿನ, ಇಷ್ಟು ದಾರ. ಅದೇ ಠೋಕ ದರದಲ್ಲಿ ಕಂಬಳಿ ತಂದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ವ್ಯಾಪಾರಿಯ ಲೆಕ್ಕ, ತಪ್ಪೆಂದು ಯಾರಿಗೂ ಅನಿಸಲಿಲ್ಲ. ಸಮಿತಿ ಒಪ್ಪಿತು. ಕಂಬಳಿ ಬಂದವು, ಹಂಚಿದೆವು, ಫೋಟೋ ಪತ್ರಿಕೆಯಲ್ಲಿ ಬಂತು. ಆ ಫೋಟೋದಲ್ಲಿ ನಾನೂ ಇದ್ದೇನೆ. ಚಿಂದಿಯನ್ನು ಅರೆದು ನೂತ ನೂಲಿನ ಕಂಬಳಿ ಅವು; ಹೋಳಿಹುಣ್ಣಿಮೆಯ ಹೊತ್ತಿಗೆ ಎಳೆ ಬಿಚ್ಚಿ, ನಡುವೆ ತೂತು ಬಿದ್ದವು. ಮರುವರ್ಷ ಜೋಪಡಿಗೆ ಹೋದಾಗ ಅಲ್ಲಿಯ ಹೆಣ್ಣುಮಗಳೊಬ್ಬಳು, ಹೋದ ವರ್ಷದ್ದು ಬೇಡ, ಅದಕ್ಕೂ ಮುಂಚೆ ಕೊಟ್ಟ ಗೋಧಡಿ ಇದ್ದರೆ ಕೊಡಿರೆಂದು ಮರಾಠಿಯಲ್ಲಿ ಹೇಳಿದಳು. ನಾಲ್ಕು ವರ್ಷದ ಹಿಂದಿನ ನಮ್ಮ ಕೌದಿ ಆಕೆಯ ಎತ್ತಿನ ಗಾಡಿಯಲ್ಲಿ ಇನ್ನೂ ಇತ್ತು.

ಕಂಬಳಿಗಿಂತ ದೊಡ್ಡ ನಷ್ಟ ಪಡಸಾಲೆಯಲ್ಲಾಯಿತು. ಆ ಬೇಸಿಗೆ ತಾಯಂದಿರು ಕೂಡಲಿಲ್ಲ. ಯಾರೂ ಜಗಳವಾಡಲಿಲ್ಲ, ಏನೂ ಅನ್ನಲಿಲ್ಲ. "ನಿಮ್ಮ ಕಂಬಳಿ ಅದಾವಲ್ಲರೀ ಸಾವಕಾರ್ರ" ಎಂದಷ್ಟೇ ಒಬ್ಬ ಅಕ್ಕಾರು ನನ್ನ ಅಂಗಡಿಯ ಮುಂದೆ ನಿಂತು ಹೇಳಿ ಹೋದರು. ಅವರನ್ನು ಮತ್ತೆ ಕರೆತರಲು ಮನೆಮನೆಗೆ ಹೋಗಿ ಕೈಮುಗಿಯಬೇಕಾಯಿತು. ಬಂದರು. ಆದರೆ ಮೊದಲಿನಷ್ಟು ಜನ ಬರಲಿಲ್ಲ. ಕೆಲವರು ಆ ಮಧ್ಯೆ ತೀರಿಹೋಗಿದ್ದರು.

ಹಳೆಯ ಬಟ್ಟೆಯನ್ನು ಕೊಡುವುದೂ, ಅದನ್ನು ಕೆಲಸಕ್ಕೆ ಬರುವಂತೆ ಮಾಡಿ ಕೊಡುವುದೂ ಬೇರೆ ಬೇರೆ ಎಂದು ಈಗ ದೊಡ್ಡ ಸಂಸ್ಥೆಗಳೂ ಒಪ್ಪಿವೆ. 1999ರಲ್ಲಿ ದಿಲ್ಲಿಯಲ್ಲಿ ಅನ್ಶು ಗುಪ್ತಾ ಅವರು ಆರಂಭಿಸಿದ ಗೂಂಜ್ ಸಂಸ್ಥೆಯು 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಯಾರಿಗೂ ಬೇಡವಾಗಿ ಬಿದ್ದ ಬಟ್ಟೆಯ ರಾಶಿಯನ್ನು ಆರಿಸಿ, ಉಪಯೋಗಕ್ಕೆ ಬರುವ ವಸ್ತುಗಳನ್ನು ಮಾಡಿಸಿತು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಮಾಡಿಸುವ ವಸ್ತುಗಳಲ್ಲಿ ಸುಜನಿಯೂ ಒಂದು. ಪೇಪರಿನಲ್ಲಿ ಓದಿದಾಗ ಇದು ನಮ್ಮ ಆಯಿಗೆ ಗೊತ್ತಿದ್ದದ್ದೇ ಅಲ್ಲವೇ ಎಂದುಕೊಂಡೆ.

2020ರಲ್ಲಿ ಕೊರೊನಾ ಬಂದಾಗ ದೇಶದ ತುಂಬ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ಮಾಸ್ಕ್ ಹೊಲಿದರು. ನಮ್ಮವರೂ ಕುಳಿತರು, ಒಂದೇ ಕಡೆಗಲ್ಲ, ತಂತಮ್ಮ ಮನೆಯ ಕಟ್ಟೆಯ ಮೇಲೆ. ಅಂಗಡಿಯಲ್ಲಿ ಇಲಾಸ್ಟಿಕ್ ನಾಲ್ಕು ದಿನಕ್ಕೆ ಮುಗಿಯಿತು, ಮಾಲು ತರಲು ದಾರಿಗಳೆಲ್ಲ ಬಂದ್. ಆಗ ಹಳೆಯ ಲಂಗದ ಲಾಡಿಯನ್ನೇ ಕತ್ತರಿಸಿ ಕಿವಿಗೆ ಕಟ್ಟುವಂತೆ ಮಾಡಿದರು. ನಾಲ್ಕು ಪದರದ ಹತ್ತಿ ಬಟ್ಟೆಯ ಆ ಮಾಸ್ಕುಗಳ ಅಂಚಿಗೂ ಕೌದಿಯ ಹೊಲಿಗೆಯೇ ಬಿದ್ದಿತ್ತು.

ಈಗಿನ ತೊಂದರೆ ಬಟ್ಟೆಯದು. ಮೊದಲು ಒಂಬತ್ತು ವಾರಿ ಹತ್ತಿಯ ಸೀರೆ ಇತ್ತು, ಒಂದು ಸೀರೆಯಿಂದ ಕೌದಿಯ ಎರಡು ಪದರ ಆಗುತ್ತಿತ್ತು. ಈಗ ನಮ್ಮ ಮನೆಗಳಲ್ಲಿ ಉಡುವುದು ಹೆಚ್ಚಾಗಿ ಪಾಲಿಸ್ಟರ್. ಅದು ಸವೆಯುವುದಿಲ್ಲ, ಬೆವರು ಹೀರುವುದಿಲ್ಲ, ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲ. ಬೆಂಕಿಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮಗ್ಗುಲಲ್ಲಿ ಮಲಗುವ ಕೂಸಿಗೆ ಅದನ್ನು ಹೊದಿಸಲಾಗದು. ನಾನೂ ಅದನ್ನೇ ಮಾರುತ್ತೇನೆ, ಗಿರಾಕಿ ಕೇಳುವುದು ಅದನ್ನೇ. ಇನ್ನೊಂದು, ಸೂಜಿಗೆ ದಾರ ಪೋಣಿಸುವ ಕಣ್ಣುಗಳೂ ಮುದಿಯಾಗಿವೆ. ಶಾಲೆಗೆ ಹೋಗುವ ಮೊಮ್ಮಕ್ಕಳು ಬಂದು ಹತ್ತಿಪ್ಪತ್ತು ಸೂಜಿಗೆ ದಾರ ಹಾಕಿಕೊಟ್ಟು ಓಡುತ್ತಾರೆ. ಅವರಲ್ಲಿ ಇಬ್ಬರು ಹುಡುಗಿಯರು ಮತ್ತು, ನಗಬೇಡಿರಿ, ಒಬ್ಬ ಹುಡುಗ ಹೋದ ಬೇಸಿಗೆಯಿಂದ ಓಡುವುದನ್ನು ಬಿಟ್ಟು ಕುಳಿತಿದ್ದಾರೆ. ಹುಡುಗನ ಹೊಲಿಗೆ ಇನ್ನೂ ವಕ್ರವಾಗಿದೆ.

ಈ ಲೇಖನ ಬರೆಯಲು ಕುಳಿತಾಗ ನನ್ನ ಆಸೆ ಇದ್ದದ್ದು ಒಂದೇ. 1993ರಿಂದ ಇಂದಿನವರೆಗೆ ಪಡಸಾಲೆಯಲ್ಲಿ ಕುಳಿತವರೆಲ್ಲರ ಹೆಸರನ್ನು, ತೀರಿಹೋದವರದನ್ನೂ ಸೇರಿಸಿ, ಈ ಪುಟದಲ್ಲಿ ಅಚ್ಚು ಹಾಕಿಸುವುದು. ಎರಡು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಕೇಳಿದೆ. ಅವರು ಒಪ್ಪಲಿಲ್ಲ. "ಹೆಸರು ಬರದ್ರ ಒಬ್ಬಾಕಿದು ಮ್ಯಾಲ ಬರತದ, ಒಬ್ಬಾಕಿದು ಕೆಳಗ. ಬ್ಯಾಡ ತಮ್ಮಾ" ಎಂದರು ಎಲ್ಲರಿಗಿಂತ ಹಿರಿಯರಾದ ಅವ್ವನವರು. ನಾನು ಬಿಡದೆ ಕಿಲ್ಲಾರಿಯ ತಾಯಿಯ ಮಾತನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, "ಹಂಗಿದ್ರ ವಹಿಯೊಳಗ ಬರಿ. ಪುಸ್ತಕದೊಳಗ ಬ್ಯಾಡ" ಎಂದರು.

ಆ ಪ್ರಕಾರ ಹೆಸರುಗಳನ್ನು ವಹಿಯಲ್ಲಿ ಬರೆದಿದ್ದೇನೆ, ಜಮೆಯ ಬದಿಗೆ. ನೆನಪಿಗೆ ಬಾರದ ಕೆಲವು ಹೆಸರುಗಳಿಗಾಗಿ ಅರ್ಧ ಪುಟ ಖಾಲಿ ಬಿಟ್ಟಿದೆ. ತಮ್ಮ ತಾಯಿ, ಅಜ್ಜಿ, ಅತ್ತೆಯವರು ಪಡಸಾಲೆಯಲ್ಲಿ ಕುಳಿತದ್ದು ನೆನಪಿದ್ದವರು ದೇವಸ್ಥಾನದ ಕಚೇರಿಗೆ ಬಂದು ಬರೆಸಬೇಕಾಗಿ ವಿನಂತಿ.

ರಥೋತ್ಸವದ ಮೂರನೆಯ ದಿನದಿಂದ ಮಧ್ಯಾಹ್ನ ಎರಡು ಗಂಟೆಗೆ ಈ ವರ್ಷದ ಕೌದಿ ಕೆಲಸ ಆರಂಭವಾಗುತ್ತದೆ. ಹತ್ತಿಯ ಹಳೆಯ ಸೀರೆ, ಧೋತರ, ಲುಂಗಿ ಇದ್ದವರು ಒಗೆದು ಒಣಗಿಸಿ ತಂದುಕೊಡಬೇಕು. ಗುಂಡಿ, ಹುಕ್ಕು ಬಿಚ್ಚಿರಲಿ. ಪಾಲಿಸ್ಟರ್ ಬೇಡ. ದಾರ-ಸೂಜಿ ನಮ್ಮ ಅಂಗಡಿಯ ಸೇವೆ, ಅದನ್ನು ಈ ವರ್ಷದಿಂದ ಖರ್ಚಿನ ಬದಿಗೆ ಬರೆಯುವುದಿಲ್ಲ.